ರುಚಿಗೆ ಸಾಕ್ಷಿ ಯಾರು?

ಸಾರಿಗೆ ಉಪ್ಪು ಹಾಕುವುದನ್ನು ಮರೆತ ದಿನ ಪಂಕ್ತಿಯಲ್ಲಿ ಕುಳಿತ ಹತ್ತು ಮಂದಿಯೂ ಒಂದೇ ಮಾತನ್ನು ಹೇಳುವರು. ಅದೇ ಸಾರಿನಲ್ಲಿ ಹುಳಿ ಕೊಂಚ ಮುಂದಾದರೆ ಒಬ್ಬನು ಸೊಗಸೆಂದು ಇನ್ನೊಮ್ಮೆ ಬಡಿಸಿಕೊಳ್ಳುವನು, ಮತ್ತೊಬ್ಬನು ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸುವನು. ಮೊದಲನೆಯದನ್ನು ಯಾರೂ ರುಚಿಭೇದವೆನ್ನುವುದಿಲ್ಲ. ಎರಡನೆಯದನ್ನು ಯಾರೂ ತಪ್ಪೆನ್ನುವುದಿಲ್ಲ. ಉಪ್ಪಿಲ್ಲದಿರುವುದು ಸಾರಿಗೆ ಸೇರಿದ ಸಂಗತಿ, ಹುಳಿಯ ಹಿತಾಹಿತವು ಉಣ್ಣುವವನಿಗೆ ಸೇರಿದ ಸಂಗತಿ, ಎಂದು ಎರಡು ಮಾತಿನಲ್ಲಿ ತೀರಿಸಬಹುದಾಗಿದ್ದರೆ ಚರ್ಚೆಗೆ ಎಡೆಯೇ ಇರುತ್ತಿರಲಿಲ್ಲ. ಆದರೆ ರುಚಿಗಳಲ್ಲಿ ಬಹುಭಾಗವು ಇವೆರಡರ ನಡುವೆ ಎಲ್ಲಿಯೋ ತೂಗಾಡುತ್ತಿರುವುವು. ಅಲ್ಲಿ ಒಬ್ಬನಾಡಿದ ಮಾತು ಸತ್ಯವೋ ಮಿಥ್ಯೆಯೋ ಎಂದು ಗೊತ್ತುಮಾಡುವವರು ಯಾರು? ಅದಕ್ಕಿಂತಲೂ ಮುಖ್ಯವಾಗಿ, ಅಂತಹ ಎಡೆಯಲ್ಲಿ ಸುಳ್ಳಾಡುವುದೆಂದರೆ ಏನು?

ಈ ಪ್ರಶ್ನೆಯನ್ನು ಅತ್ಯಂತ ಶ್ರದ್ಧೆಯಿಂದ ಎತ್ತಿಕೊಂಡವರು ಫ್ರೆಂಚರು. ಅವರು ಅದನ್ನು ಪರೀಕ್ಷಿಸಿಕೊಂಡುದು ವೈನಿನಲ್ಲಿ. ದ್ರಾಕ್ಷಿಯ ರಸವು ಹುದುಗಿ ಆಗುವ ಒಂದೇ ಪಾನೀಯಕ್ಕೆ ಸೀಮೆಗೊಂದು, ಹಳ್ಳಿಗೊಂದು, ಕೆಲವೆಡೆ ಹೊಲಕ್ಕೊಂದು ಹೆಸರಿಟ್ಟು, ಇಂಥ ಸೀಮೆಯ ಹೆಸರನ್ನು ಇಂಥ ತಳಿಗೆ, ಇಂಥ ನೆಲಕ್ಕೆ, ಇಂಥ ಕ್ರಮಕ್ಕೆ ಮಾತ್ರ ಸಲ್ಲಿಸತಕ್ಕದ್ದೆಂದು 1935ರಲ್ಲಿ ಶಾಸನವನ್ನೇ ಮಾಡಿಕೊಂಡರು. ಒಂದೊಂದು ಸೀಮೆಗೂ ಒಂದೊಂದು ರುಚಿಯುಂಟೆಂಬುದು ಆ ಶಾಸನದ ತಳಹದಿ. ರುಚಿಯು ಕೇವಲ ಕುಡಿಯುವವನ ಮನಸ್ಸಿನ ತರಂಗವೇ ಆಗಿದ್ದರೆ ಇಷ್ಟು ಕಟ್ಟಳೆಗಳೂ ಗಾಳಿಗೋಪುರವಾಗುವುವಷ್ಟೆ.

ಮದ್ಯವೆಂದೊಡನೆ ಪುಟ ಮಗುಚುವ ವಾಚಕರಿಗೆ ಒಂದು ಮಾತು. ಕುಡಿತದಿಂದ ಸಂಸಾರಗಳು ಮುಳುಗಿದುದು ಆ ದೇಶದಲ್ಲಿಯೂ ಉಂಟು. ಮದ್ಯದ ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನನ್ನು 1991ರಲ್ಲಿ ಫ್ರೆಂಚರೇ ಮಾಡಿದರು. ಕ್ರಮವರಿತು ರುಚಿ ನೋಡುವವರಾದರೋ ಬಾಯಿಯೊಳಗೆ ಆಡಿಸಿದ ವೈನನ್ನು ನುಂಗದೆ, ಪಕ್ಕದಲ್ಲಿರುವ ಪೀಕದಾನಿಗೆ ಉಗುಳಿಬಿಡುವರು. ನುಂಗಿದರೆ ಆರನೆಯ ಬಟ್ಟಲಿನ ಹೊತ್ತಿಗೆ ತೀರ್ಪು ನಾಲಗೆಯದಾಗಿರದೆ ಅಮಲಿನದಾಗಿರುವುದೆಂದು ಅವರು ಬಲ್ಲರು. ವಿಧಿನಿಷೇಧದ ಮಾತು ಧರ್ಮಶಾಸ್ತ್ರಕ್ಕಿರಲಿ. ಇಲ್ಲಿನ ಮಾತು ಪ್ರಮಾಣಶಾಸ್ತ್ರದ್ದು.

ಅಂತಹ ಗೋಷ್ಠಿಯೊಂದನ್ನು ಹೀಗೆ ಊಹಿಸಿಕೊಳ್ಳಬಹುದು. ಒಬ್ಬ ವರ್ತಕ, ಒಬ್ಬ ವೈದ್ಯ, ಒಬ್ಬ ಉಪಾಧ್ಯಾಯಿನಿ, ಇಬ್ಬರು ಸಾಮಾನ್ಯ ಗೃಹಸ್ಥರು, ಹೀಗೆ ಐವರು ಮಿತ್ರರು ಬಿಳಿಯ ವಸ್ತ್ರ ಹಾಸಿದ ಮೇಜಿನ ಸುತ್ತ ಕುಳಿತಿರುವರು. ಆರು ಸೀಮೆಗಳ ಆರು ಕೆಂಪು ವೈನುಗಳು. ಬುಡ್ಡಿಗಳಿಗೆ ಬಟ್ಟೆ ಸುತ್ತಿದೆ. ಬಟ್ಟೆ ಸುತ್ತಿದರೂ ಸಾಲದು; ಬೋರ್ಡೋ ಸೀಮೆಯ ಬುಡ್ಡಿಗೆ ಎತ್ತಿದ ಹೆಗಲು, ಬರ್ಗಂಡಿಯದಕ್ಕೆ ಇಳಿದ ಹೆಗಲು. ಆಕಾರವೇ ಚಾಡಿ ಹೇಳುವುದೆಂದು ಕೆಲವರು ವೈನನ್ನು ಬೇರೆ ಪಾತ್ರೆಗಳಿಗೆ ಬಗ್ಗಿಸಿ ತರುವುದುಂಟು. ಮೇಜಿನ ಬಿಳಿಯ ವಸ್ತ್ರವೂ ಅಲಂಕಾರಕ್ಕಲ್ಲ. ಬಟ್ಟಲನ್ನು ಅದರ ಮುಂದೆ ಓರೆಯಾಗಿ ಹಿಡಿದರೆ ಬಣ್ಣವು ನಿಚ್ಚಳವಾಗಿ ಕಾಣುವುದು. ಆಮೇಲೆ ಬಟ್ಟಲನ್ನು ತಿರುಗಿಸಿ ಮೂಸುವುದು, ಒಂದು ಗುಟುಕನ್ನು ಗಾಳಿಯೊಡನೆ ಬಾಯಿಯಲ್ಲಿ ಹೊರಳಿಸುವುದು, ಉಗುಳಿದ ಬಳಿಕ ರುಚಿಯು ಎಷ್ಟು ಹೊತ್ತು ನಿಲ್ಲುವುದೆಂದು ಕಾಯುವುದು, ಕಾಗದದ ಮೇಲೆ ಬರೆಯುವುದು. ಬರೆದು ಮುಗಿಯುವವರೆಗೆ ಯಾರೂ ಮಾತನಾಡಕೂಡದು. ಈ ಮೌನದ ನಿಯಮವೇ ಗೋಷ್ಠಿಯ ಪ್ರಾಣವೆಂಬುದು ಮುಂದೆ ಗೊತ್ತಾಗುವುದು.

ಮೊದಲನೆಯ ಬಟ್ಟಲು ಬರ್ಗಂಡಿಯದು. ಪಿನೋ ನುವಾರ್ ಎಂಬ ತಳಿ. ಅದರ ಸಿಪ್ಪೆ ತೆಳು, ಬಣ್ಣವೂ ತಿಳಿ. ಬಟ್ಟಲಿನ ಹಿಂದೆ ಬೆರಳಿಟ್ಟರೆ ಕಾಣಿಸುವುದು. ಎರಡನೆಯದು ಅದರ ತೆಂಕಣ ನೆರೆಯ ಬೋಜೊಲೆಯದು. ಗಮೇ ಎಂಬ ತಳಿ. ನೇರಳೆಯ ಛಾಯೆ, ಈಗತಾನೆ ಹಿಸುಕಿದ ಹಣ್ಣಿನ ಘಮ, ಒಗರು ಅತ್ಯಲ್ಪ. ಈ ಗಮೇ ಬಳ್ಳಿಯನ್ನು ಬರ್ಗಂಡಿಯ ದೊರೆ ಧೀರ ಫಿಲಿಪ್ಪನು 1395ರಲ್ಲಿ ತನ್ನ ಸೀಮೆಯಿಂದ ಕಿತ್ತುಹಾಕುವಂತೆ ಆಜ್ಞೆ ಹೊರಡಿಸಿದನು. ಪಿನೋಗೆ ಇದು ದ್ರೋಹಿಯೆಂಬುದು ಅವನ ಮತ. ರುಚಿಗೆ ರಾಜನೇ ಸಾಕ್ಷಿಯಾದ ಕಾಲವದು. ಬಡ ಗಮೇ ತೆಂಕಣ ಗ್ರಾನೈಟ್ ಗುಡ್ಡಗಳಲ್ಲಿ ನೆಲೆಯೂರಿ, ಅಲ್ಲಿ ದೊರೆಯ ಅಪ್ಪಣೆಯಿಲ್ಲದೆಯೇ ಸೊಗಸಾಗಿ ಬೆಳೆಯಿತು.

ಮೂರನೆಯದು ಲುವಾರ್ ಪ್ರಾಂತದ ಶಿನೋಂ ಊರಿನದು, ಕಬರ್ನೆ ಫ್ರಾಂಕ್ ತಳಿ. ನಾಲ್ಕನೆಯದು ಬೋರ್ಡೋವಿನ ಎಡದಂಡೆಯದು, ಕಬರ್ನೆ ಸೊವಿನ್ಯೋಂ ತಳಿ ಹೆಚ್ಚಾಗಿರುವುದು. ಇವೆರಡರಲ್ಲಿಯೂ ಕೆಲವೊಮ್ಮೆ ಹಸಿಯ ದೊಣ್ಣೆಮೆಣಸಿನಕಾಯಿಯನ್ನು ಸೀಳಿದಾಗಿನ ವಾಸನೆಯ ಎಳೆಯೊಂದು ತೋರುವುದು. ಒಂದನ್ನು ಕುಡಿದು ಇನ್ನೊಂದೆಂದು ಹೇಳಿ ನಗೆಗೀಡಾದವರು ಎಷ್ಟೋ ಮಂದಿ. ಆದರೆ 1997ರಲ್ಲಿ ಸಸ್ಯತಜ್ಞರು ವಂಶಪರೀಕ್ಷೆ ನಡೆಸಿದಾಗ ಕಬರ್ನೆ ಸೊವಿನ್ಯೋಂ ತಳಿಯು ಕಬರ್ನೆ ಫ್ರಾಂಕ್ ತಳಿ ಮತ್ತು ಸೊವಿನ್ಯೋಂ ಬ್ಲಾಂಕ್ ಎಂಬ ಬಿಳಿಯ ತಳಿ ಇವೆರಡರ ಸಂತಾನವೆಂದು ಸಿದ್ಧವಾಯಿತು. ಮಗನನ್ನು ನೋಡಿ ತಂದೆಯೆಂದು ಭ್ರಮಿಸಿದವನ ಕಣ್ಣು ಪೂರ್ತಿ ಕೆಟ್ಟುದೆನ್ನಬಹುದೆ?

ಐದನೆಯದು ಪಿರೆನೀಸ್ ಪರ್ವತಗಳ ಅಡಿಯಲ್ಲಿರುವ ಮಾದಿರಾಂ ಸೀಮೆಯದು, ತನ್ನಾ ಎಂಬ ತಳಿ. ಇಲ್ಲಿ ಒಗರೇ ಒಡೆಯ. ಬಲಿಯದ ನೇರಳೆಯನ್ನೋ ಅಳಲೆಕಾಯಿಯನ್ನೋ ಅಗಿದವನಿಗೆ ಇದರ ಪರಿಚಯಕ್ಕೆ ಬೇರೆ ವ್ಯಾಖ್ಯಾನ ಬೇಡ. ಮಧುರ, ಆಮ್ಲ, ಲವಣ, ಕಟು, ತಿಕ್ತಗಳೊಡನೆ ಕಷಾಯವನ್ನೂ ಎಣಿಸಿ ರಸಗಳು ಆರೆಂದು ಭಾರತೀಯ ಶಾಸ್ತ್ರಕಾರರು ಹೇಳಿದರು. ಇಂದಿನ ಶರೀರಶಾಸ್ತ್ರಜ್ಞರು ಒಗರನ್ನು ರಸವೆನ್ನದೆ ಸ್ಪರ್ಶವೆಂದೇ ಬಹುಮಟ್ಟಿಗೆ ಎಣಿಸುವರು. ಜೊಲ್ಲಿನಲ್ಲಿರುವ ಜಿಗುಟನ್ನು ಟ್ಯಾನಿನ್ ಎಂಬ ಪದಾರ್ಥವು ಹಿಡಿದು ಹೆಪ್ಪುಗಟ್ಟಿಸುವುದರಿಂದ ನಾಲಗೆಯು ಒರಟಾಗುವುದಂತೆ. ಆದರೂ ಆ ಅನುಭವಕ್ಕೆ ಒಂದು ಸ್ವಂತ ಹೆಸರನ್ನಿಟ್ಟುಕೊಂಡ ಭಾಷೆಯವನು ಅದನ್ನು ಬೇಗ ಗುರುತಿಸುವನೆಂಬುದು ಸುಳ್ಳಲ್ಲ.

ಆರನೆಯ ಬಟ್ಟಲಿಗೆ ಬರುವ ಮೊದಲು ತತ್ತ್ವಜ್ಞರಿಬ್ಬರನ್ನು ವಿಚಾರಿಸುವುದೊಳ್ಳೆಯದು. ಜರ್ಮನಿಯ ಕಾಂಟನು 1790ರ ತನ್ನ ಗ್ರಂಥದಲ್ಲಿ ಈ ವಾದಕ್ಕೆ ಬಾಗಿಲನ್ನೇ ಮುಚ್ಚಿದನು. ಕನೇರಿ ದ್ವೀಪದ ವೈನು ಹಿತವಾದುದೆಂದು ಒಬ್ಬನು ಹೇಳಿದಾಗ, ‘ನನಗೆ ಹಿತವಾದುದು’ ಎನ್ನಬೇಕೆಂದು ಯಾರಾದರೂ ತಿದ್ದಿದರೆ ಅವನು ಸಂತೋಷದಿಂದ ಒಪ್ಪುವನು. ಅಷ್ಟಕ್ಕೆ ಮಾತು ಮುಗಿಯಿತು ಎಂಬುದು ಅವನ ಅಭಿಪ್ರಾಯ. ಅವನಿಗಿಂತ ಮುಂಚೆಯೇ, 1757ರಲ್ಲಿ, ಸ್ಕಾಟ್ಲೆಂಡಿನ ಹ್ಯೂಮನು ರುಚಿಯ ಮಾನದಂಡವನ್ನು ಕುರಿತ ಪ್ರಬಂಧದಲ್ಲಿ ಡಾನ್ ಕ್ವಿಕ್ಸೋಟ್ ಕಾದಂಬರಿಯ ಒಂದು ಕಥೆಯನ್ನು ಎತ್ತಿಕೊಂಡಿದ್ದನು. ಸಾಂಕೋ ಪಾಂಜನ ಬಂಧುಗಳಿಬ್ಬರಿಗೆ ಒಂದು ಪೀಪಾಯಿಯ ವೈನನ್ನು ಪರೀಕ್ಷೆಗೆ ಕೊಟ್ಟರು. ಚೆನ್ನಾಗಿದೆ, ಆದರೆ ತೊಗಲಿನ ಸೋಂಕಿದೆಯೆಂದು ಒಬ್ಬನೆಂದನು. ಚೆನ್ನಾಗಿದೆ, ಆದರೆ ಕಬ್ಬಿಣದ ಸೋಂಕಿದೆಯೆಂದು ಇನ್ನೊಬ್ಬನೆಂದನು. ನೆರೆದವರು ಇಬ್ಬರನ್ನೂ ಗೇಲಿಮಾಡಿದರು. ಪೀಪಾಯಿ ಬರಿದಾದಾಗ ತಳದಲ್ಲಿ ಸಿಕ್ಕಿದುದು ತೊಗಲಿನ ಪಟ್ಟಿ ಕಟ್ಟಿದ ಒಂದು ಹಳೆಯ ಬೀಗದಕೈ.

ಕಾಂಟನ ಮಾತು ‘ಇಷ್ಟ’ಕ್ಕೆ ಸಲ್ಲುವುದು, ಹ್ಯೂಮನ ಕಥೆ ‘ಗ್ರಹಣ’ಕ್ಕೆ ಸಲ್ಲುವುದು. ತೊಗಲಿನ ಸೋಂಕು ಹಿತವೇ ಅಹಿತವೇ ಎಂಬಲ್ಲಿ ಯಾರೂ ಯಾರನ್ನೂ ಸೋಲಿಸಲಾರರು. ಸೋಂಕು ಇದೆಯೇ ಇಲ್ಲವೇ ಎಂಬಲ್ಲಿ ಬೀಗದಕೈಯೇ ಸಾಕ್ಷಿ. ಆದರೆ ಬೀಗದಕೈ ಸಿಕ್ಕುವುದು ಕಥೆಯಲ್ಲಿ. ಮೇಜಿನ ಸುತ್ತ ಕುಳಿತ ಐವರಿಗೆ ಪೀಪಾಯಿಯ ತಳವನ್ನು ತೋರಿಸುವವರು ಯಾರು?

ಇಲ್ಲಿಗೆ ಆರನೆಯ ಬಟ್ಟಲು ಬರುವುದು. ಅದು ರೋನ್ ನದಿಯ ಬಡಗಣ ದಂಡೆಗಳದು, ಸಿರಾ ತಳಿಯದು. ಕಪ್ಪನೆಯ ಬಣ್ಣ, ಮೂಗಿನ ಹತ್ತಿರ ತಂದರೆ ಈಗತಾನೆ ಕುಟ್ಟಿದ ಕರಿಮೆಣಸಿನ ವಾಸನೆ. ಬಹುಕಾಲ ಈ ಮೆಣಸನ್ನು ರಸಿಕರ ಕವಿಸಮಯವೆಂದೇ ಹಲವರು ತಿಳಿದಿದ್ದರು, ದ್ರಾಕ್ಷಿಯಲ್ಲಿ ಮೆಣಸೆಲ್ಲಿಂದ ಬಂದೀತು! 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಪೀಪಾಯಿಯ ತಳವನ್ನು ತೋರಿಸಿಯೇಬಿಟ್ಟರು. ರೋಟಂಡೋನ್ ಎಂಬ ಪದಾರ್ಥವು ಸಿರಾ ದ್ರಾಕ್ಷಿಯ ಸಿಪ್ಪೆಯಲ್ಲಿ ಇದೆ. ಕರಿಮೆಣಸಿನಲ್ಲಿಯೂ ಇರುವುದು ಅದೇ. ಕೆಂಪು ವೈನಿನ ಒಂದು ಲೀಟರಿನಲ್ಲಿ ಒಂದು ಗ್ರಾಮಿನ ನೂರು ಕೋಟಿ ಪಾಲು ಮಾಡಿ ಅದರಲ್ಲಿ 16 ಪಾಲಿದ್ದರೂ ಸಾಕು, ಮೂಗಿಗೆ ಗೊತ್ತಾಗುವುದು. ಆ ಪದಾರ್ಥಕ್ಕೆ ಹೆಸರು ಬಂದುದು ಸೈಪರಸ್ ರೋಟಂಡಸ್ ಎಂಬ ಹುಲ್ಲಿನಿಂದ. ಎಂದರೆ ವೈದ್ಯರು ಭದ್ರಮುಷ್ಟಿಯೆಂದೂ ರೈತರು ಕೊನ್ನಾರಿ ಗೆಡ್ಡೆಯೆಂದೂ ಕರೆಯುವ ಅದೇ ಸಾಮಾನ್ಯ ಕಳೆ. ಗದ್ದೆಯ ಬದುವಿನ ಗೆಡ್ಡೆಗೂ ಮಲೆನಾಡಿನ ಮೆಣಸಿನ ಕಾಳಿಗೂ ರೋನ್ ದಂಡೆಯ ದ್ರಾಕ್ಷಿಗೂ ಇಂತಹದೊಂದು ನಂಟಿದ್ದೀತೆಂದು ಯಾವ ನಿಘಂಟುಕಾರನು ಊಹಿಸಿದ್ದನು!

ಅಲ್ಲಿಗೆ ಹ್ಯೂಮನು ಗೆದ್ದನೆನ್ನುವಷ್ಟರಲ್ಲಿ ಅದೇ ಶೋಧನೆಯು ಇನ್ನೊಂದು ತೊಡಕನ್ನು ತಂದಿಟ್ಟಿತು. ಪರೀಕ್ಷೆಗೆ ಕುಳಿತವರಲ್ಲಿ ಹೆಚ್ಚುಕಡಮೆ ಐವರಿಗೊಬ್ಬರು ಆ ವಾಸನೆಯನ್ನು ಅರಿಯಲೇ ಇಲ್ಲ. ಉಳಿದವರಿಗೆ ಸಾಕಾದುದಕ್ಕಿಂತ ನೂರಾರು ಪಾಲು ಹೆಚ್ಚಾಗಿ ನೀರಿನಲ್ಲಿ ಬೆರೆಸಿ ಕೊಟ್ಟರೂ ಅವರ ಪಾಲಿಗೆ ಅದು ಬರಿಯ ನೀರು. ಇದು ಅಭ್ಯಾಸದ ಕೊರತೆಯಲ್ಲ. ಹುಟ್ಟಿನಿಂದ ಬಂದ ಬಾಗಿಲು ಮುಚ್ಚಿರುವುದು. ಮೇಜಿನ ಸುತ್ತ ಇರುವ ಐವರಲ್ಲಿ ಆ ಐದನೆಯವನು ಒಬ್ಬನಿದ್ದಾನೆಂದು ಇಟ್ಟುಕೊಂಡರೆ, ಅವನು ಏನನ್ನು ಬರೆಯಬೇಕು?

ಧರ್ಮಸಂಕಟವು ಇರುವುದು ಇಲ್ಲಿ. ಅದು ಮೇಲುನೋಟಕ್ಕೆ ತೋರುವಷ್ಟು ಚಿಕ್ಕದಲ್ಲ. ಸಿರಾ ಎಂದರೆ ಮೆಣಸೆಂದು ಅವನು ಪುಸ್ತಕಗಳಲ್ಲಿ ಓದಿರುವನು. ಬಣ್ಣವನ್ನು ನೋಡಿ ಇದು ಸಿರಾ ಎಂದು ಊಹಿಸಬಲ್ಲನು. ‘ಮೆಣಸು’ ಎಂದು ಬರೆದರೆ ಅದು ವಸ್ತುವಿನ ವಿಷಯದಲ್ಲಿ ಸತ್ಯವೇ ಹೌದು. ಆದರೆ ಅವನ ಬಾಯಲ್ಲಿ ಅನೃತ. ‘ಇದರಲ್ಲಿ ಮೆಣಸಿಲ್ಲ’ ಎಂದು ಬರೆದರೆ ತನ್ನ ಅನುಭವಕ್ಕೆ ನಿಷ್ಠನಾದಂತೆ ತೋರುವುದು. ಆದರೆ ಅದೂ ತಪ್ಪು. ಹೇಗೆಂದರೆ, ಕಾಣದಿರುವುದರಿಂದ ಇಲ್ಲವೆಂದು ತಿಳಿಯುವ ಕ್ರಮಕ್ಕೆ ಶಾಸ್ತ್ರಕಾರರು ಒಂದು ಎಲ್ಲೆಯನ್ನು ಹಾಕಿರುವರು. ಬೆಳಕಿರುವ ನೆಲದ ಮೇಲೆ ಕೊಡ ಕಾಣದಿದ್ದರೆ ಕೊಡವಿಲ್ಲವೆನ್ನಬಹುದು. ಏಕೆಂದರೆ ಇದ್ದಿದ್ದರೆ ಕಾಣುತ್ತಿದ್ದಿತು. ಕಂಬದ ಮೇಲೆ ಪಿಶಾಚಿ ಕಾಣದಿರುವುದರಿಂದ ಪಿಶಾಚಿಯಿಲ್ಲವೆನ್ನಲಾಗದು. ಏಕೆಂದರೆ ಇದ್ದಿದ್ದರೂ ಕಾಣುತ್ತಿರಲಿಲ್ಲ. ಇದೇ ಯೋಗ್ಯಾನುಪಲಬ್ಧಿಯ ವಿಚಾರ. ಐದನೆಯವನಿಗೆ ಮೆಣಸು ಕಂಬದ ಮೇಲಿನ ಪಿಶಾಚಿಯಂತೆ. ಅವನು ಆಡಬಹುದಾದ ಸತ್ಯ ಒಂದೇ, ‘ನನಗೆ ತೋರಲಿಲ್ಲ’ ಎಂಬುದು. ಸತ್ಯಗಳಲ್ಲಿ ಇದಕ್ಕಿಂತ ಸಪ್ಪೆಯಾದುದು, ಹೇಳುವುದಕ್ಕೆ ಇದಕ್ಕಿಂತ ಕಷ್ಟವಾದುದು, ಬೇರೊಂದಿಲ್ಲ. ಮೂವರು ಮಿತ್ರರು ಮೆಣಸೆಂದು ತಲೆದೂಗಿದ ಮೇಲಂತೂ ‘ತೋರಲಿಲ್ಲ’ ಎನ್ನುವುದು ತನ್ನ ಬಡತನವನ್ನು ತಾನೇ ಸಾರಿದಂತೆ. ಬರೆದ ಬಳಿಕವೇ ಮಾತೆಂಬ ನಿಯಮವು ಏರ್ಪಟ್ಟುದು ಇದಕ್ಕಾಗಿಯೇ. ನೆರೆಯವನ ಮಾತನ್ನು ಕೇಳಿದ ಮೇಲೆ ಮೂಗು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದು, ಅದೂ ಒಡೆಯನಿಗೆ ತಿಳಿಯದಂತೆ.

ತಿಳಿಯದಂತೆ ಎಂಬುದಕ್ಕೆ ದೃಷ್ಟಾಂತವುಂಟು. ಬೋರ್ಡೋವಿನ ವಿಶ್ವವಿದ್ಯಾನಿಲಯದಲ್ಲಿ ವೈನಿನ ಶಾಸ್ತ್ರವನ್ನೇ ಓದುತ್ತಿದ್ದ 54 ಮಂದಿಗೆ ಒಂದು ಬಿಳಿಯ ವೈನನ್ನೂ ಒಂದು ಕೆಂಪು ವೈನನ್ನೂ ಕೊಟ್ಟು ವಾಸನೆಯನ್ನು ವರ್ಣಿಸಲು ಹೇಳಿದರು. ಇನ್ನೊಂದು ದಿನ ಅದೇ ಬಿಳಿಯ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣವನ್ನು ಬೆರೆಸಿ ಕೊಟ್ಟರು. ಬಿಳಿಯದಕ್ಕೆ ಜೇನು, ನಿಂಬೆಗಳಂತಹ ತಿಳಿಬಣ್ಣದ ವಸ್ತುಗಳ ಹೆಸರನ್ನು ಹೇಳಿದ್ದವರು ಕೆಂಪಾದ ಅದೇ ವೈನಿಗೆ ಕೆಂಪು, ಕಪ್ಪು ಹಣ್ಣುಗಳ ಹೆಸರುಗಳನ್ನು ಹೇಳಿದರು. 2001ರಲ್ಲಿ ಇದು ಪ್ರಕಟವಾದಾಗ ರಸಿಕರೆಲ್ಲ ಡಾಂಭಿಕರೆಂದು ಲೋಕವು ನಕ್ಕಿತು. ಆ ನಗೆ ಸರಿಯಲ್ಲ. ಹಗ್ಗವನ್ನು ಹಾವೆಂದು ಕಂಡು ಹಿಮ್ಮೆಟ್ಟಿದವನು ಸುಳ್ಳುಗಾರನಲ್ಲ; ಅವನ ಮೈಯ ನಡುಕ ನಿಜವಾದುದೇ. ಕಣ್ಣು ಮುಂಚಿತವಾಗಿ ತೀರ್ಪು ಕೊಟ್ಟಿತು, ಮೂಗು ಅದಕ್ಕೆ ರುಜು ಹಾಕಿತು. ಭ್ರಾಂತಿ ಬೇರೆ, ಅನೃತ ಬೇರೆ. ಭ್ರಾಂತನಿಗೆ ದೀಪ ತಂದರೆ ಸಾಕು. ಅನೃತವು ಹುಟ್ಟುವುದು ದೀಪ ಬಂದ ಮೇಲೆ.

ದೀಪ ಬಂದ ಮೇಲೆ ನಡೆದ ಒಂದು ಪ್ರಸಂಗವು ಲೋಕಪ್ರಸಿದ್ಧವಾಗಿದೆ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಅಂಗಡಿಯಿಟ್ಟಿದ್ದ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವರ್ತಕನು ಒಂದು ಪರೀಕ್ಷೆಯನ್ನು ಏರ್ಪಡಿಸಿದನು. ಕೆಂಪು ವೈನುಗಳು ಹತ್ತು. ಬೋರ್ಡೋವಿನವು ನಾಲ್ಕು, ಅಮೆರಿಕದ ಕ್ಯಾಲಿಫೋರ್ನಿಯದವು ಆರು. ಅಂಕಗಳು ಗಣನೆಗೆ ಬಂದ ತೀರ್ಪುಗಾರರು ಒಂಬತ್ತು ಮಂದಿ, ಎಲ್ಲರೂ ಫ್ರೆಂಚರು, ಎಲ್ಲರೂ ಘನವಿದ್ವಾಂಸರು. ಹೆಸರುಗಳನ್ನು ಮುಚ್ಚಿಟ್ಟಿದ್ದರು. ಕೊನೆಯಲ್ಲಿ ಮೊದಲನೆಯ ಸ್ಥಾನ ಬಂದುದು ಸ್ಟ್ಯಾಗ್ಸ್ ಲೀಪ್ ಎಂಬ ಕ್ಯಾಲಿಫೋರ್ನಿಯದ ತೋಟದ 1973ರ ವೈನಿಗೆ. ಬೋರ್ಡೋವಿನ ಸುಪ್ರಸಿದ್ಧ ಮೂತೋಂ ರೋಶಿಲ್ಡ್ ಎರಡನೆಯದಾಯಿತು. ಅಂತರ ಅತ್ಯಲ್ಪ, ತೀರ್ಪುಗಾರರೊಳಗೂ ಐಕಮತ್ಯವಿರಲಿಲ್ಲ. ಇನ್ನೊಂದು ದಿನ ಇನ್ನೊಂದು ಫಲ ಬರಬಹುದಾಗಿದ್ದಿತೆಂಬುದನ್ನು ನ್ಯಾಯವಾಗಿ ಒಪ್ಪತಕ್ಕದ್ದೇ. ಬೋರ್ಡೋವಿನ ವೈನು ಎಳೆಯದರಲ್ಲಿ ಬಿಗಿ, ಮುದಿಯಾದಾಗ ಅರಳುವುದೆಂಬ ಆಕ್ಷೇಪವೂ ಬಂದಿತು. ಮೂವತ್ತು ವರ್ಷ ಕಳೆದು 2006ರಲ್ಲಿ ಅವೇ ಕೆಂಪು ವೈನುಗಳನ್ನು ಮತ್ತೆ ಪರೀಕ್ಷಿಸಿದಾಗಲೂ ಮೊದಲ ಐದು ಸ್ಥಾನಗಳು ಕ್ಯಾಲಿಫೋರ್ನಿಯಕ್ಕೇ ಹೋದುವು. ಆದರೆ ಯಾರು ಗೆದ್ದರೆಂಬುದು ಇಲ್ಲಿ ಬೇಕಾದುದಲ್ಲ. ಹೆಸರುಗಳು ಬಯಲಾದೊಡನೆ ತೀರ್ಪುಗಾರರಲ್ಲೊಬ್ಬರು ತಾವು ಬರೆದ ಅಂಕಪತ್ರವನ್ನು ಹಿಂದಕ್ಕೆ ಕೇಳಿದರು. ಕೊಡಲಿಲ್ಲ. ಆ ಕಾಗದದಲ್ಲಿದ್ದುದು ಬೇರೆ ಯಾರ ಮಾತೂ ಅಲ್ಲ, ಅವರದೇ ನಾಲಗೆಯ ಮಾತು. ಅದನ್ನೇ ಅವರು ತಮ್ಮದಲ್ಲವೆನಿಸಬಯಸಿದರು. ನಕ್ಕುಬಿಡುವುದು ಸುಲಭ. ತನ್ನ ಊರು, ತನ್ನ ಜನ, ತನ್ನ ಗುರುಗಳು ಎಲ್ಲರೂ ಒಂದು ಕಡೆ, ತನ್ನ ನಾಲಗೆ ಮಾತ್ರ ಇನ್ನೊಂದು ಕಡೆ ನಿಂತಾಗ ನಾಲಗೆಯ ಪಕ್ಷ ಹಿಡಿಯುವವರು ಎಷ್ಟು ಮಂದಿ ಸಿಕ್ಕಾರು?

ಹಾಗಾದರೆ ಹೆಸರೆಂಬುದೇ ಕೇಡೆ? ಬೋರ್ಡೋವಿನ ತೋಟಗಳಿಗೆ 1855ರಲ್ಲಿ ಅಂತಸ್ತು ಕಟ್ಟಿದ ದಲ್ಲಾಳಿಗಳು ನೋಡಿದುದು ಮುಖ್ಯವಾಗಿ ಆಗ ನಡೆಯುತ್ತಿದ್ದ ಬೆಲೆಯನ್ನು. ಅಲ್ಲಿ ಸಾಕ್ಷಿ ಹಣ. ಮೇಲಿನ ದರ್ಜೆಗೆ ಏರುವ ಭಾಗ್ಯವು ಅದೇ ಮೂತೋಂ ತೋಟವೊಂದಕ್ಕೆ, 1973ರಲ್ಲಿ, ಬಂದಿತು. ಅಂತಹ ಹೆಸರಿಗೆ ನಾಲಗೆಯನ್ನು ಒಪ್ಪಿಸುವುದು ಸಲ್ಲದು. ಆದರೆ ಬರ್ಗಂಡಿಯ ವೂಜೋ ಹೊಲವನ್ನು ನೋಡಬೇಕು. ಸಿಸ್ಟರ್ಸಿಯನ್ ಸನ್ಯಾಸಿಗಳು ಗೋಡೆ ಕಟ್ಟಿ ಕಾಪಾಡಿದ ಸುಮಾರು 50 ಹೆಕ್ಟೇರಿನ ಆ ಹೊಲಕ್ಕೆ ಇಂದು ಎಂಬತ್ತರಷ್ಟು ಮಂದಿ ಒಡೆಯರು. ಇಳಿಜಾರಿನ ಮೇಲ್ತುದಿಯ ವೈನಿಗೂ ಕೆಳತುದಿಯದಕ್ಕೂ ಭೇದವೆಣಿಸುವರು. ಮಣ್ಣನ್ನು ವೈನಿನಲ್ಲಿ ನೇರವಾಗಿ ಮೂಸಬಹುದೆಂಬುದನ್ನು ಭೂಗರ್ಭಶಾಸ್ತ್ರಜ್ಞರು ಒಪ್ಪುವುದಿಲ್ಲ. ಗಂಧವು ಪೃಥಿವಿಯ ವಿಶೇಷಗುಣವೆಂದ ತಾರ್ಕಿಕರಿಗೆ ಇದು ಹಿಡಿಸುತ್ತಿರಲಿಲ್ಲವೇನೋ. ಆದರೂ ನೀರು ಬಸಿಯುವ ರೀತಿ, ಬಿಸಿಲಿನ ಓರೆ, ಬೇರಿನ ಆಳ ಇವುಗಳು ಹಣ್ಣನ್ನು ಬದಲಿಸುವುವೆಂಬುದು ನಿರ್ವಿವಾದ. ಅಷ್ಟು ತಲೆಮಾರುಗಳ ದುಡಿಮೆಯನ್ನು ಅರಿತು ಕುಡಿಯುವವನ ಸುಖವು ಅರಿಯದವನ ಸುಖಕ್ಕಿಂತ ದೊಡ್ಡದೆಂದರೆ ಅದರಲ್ಲಿ ಕಪಟವೇನಿದೆ? ನಾಟ್ಯದ ರಸವನ್ನು ವಿವರಿಸಹೊರಟ ಭರತಮುನಿಯು ನಾನಾ ವ್ಯಂಜನಗಳಿಂದ ಕೂಡಿದ ಊಟವನ್ನೇ ಉಪಮೆಯಾಗಿ ತೆಗೆದುಕೊಂಡನು; ಅಭಿನವಗುಪ್ತನು ಆಸ್ವಾದಿಸುವವನಲ್ಲಿ ಸಂಸ್ಕಾರವನ್ನೂ ಸಹೃದಯತೆಯನ್ನೂ ಬೇಡಿದನು. ಸಂಸ್ಕಾರವೆಂದರೆ ಹೆಸರುಗಳ ನೆನಪೂ ಅಲ್ಲವೆ?

ಹೌದು; ಆದರೆ ಆಸ್ವಾದವು ಒಂದು ಕೆಲಸ, ಸಾಕ್ಷ್ಯವು ಇನ್ನೊಂದು. ಮದುವೆಯ ಮನೆಯಲ್ಲಿ ನೆಂಟನಾಗಿ ಉಂಡವನೇ ನ್ಯಾಯಸ್ಥಾನದಲ್ಲಿ ಸಾಕ್ಷಿಯಾಗಿ ನಿಂತಾಗ ನಂಟಿನ ನೆನಪನ್ನು ಹೊರಗಿಟ್ಟು ಬರಬೇಕಾಗುವುದು. ಆದುದರಿಂದಲೇ ಆ ಗೋಷ್ಠಿಗಳಲ್ಲಿ ಬಟ್ಟೆಯನ್ನು ಬಿಚ್ಚುವುದು ಕೊನೆಗೆ. ಬಿಚ್ಚದೆಯೇ ಬಿಡುವುದೂ ಇಲ್ಲ.

ಮೇಜಿನ ಮೇಲೆ ಈಗ ಆರು ಬುಡ್ಡಿಗಳೂ ಬಿಚ್ಚಿವೆ. ಐದು ಕಾಗದಗಳನ್ನು ಪಕ್ಕಪಕ್ಕದಲ್ಲಿ ಹರಡಿರುವರು. ಆರನೆಯ ವೈನಿನ ಎದುರಿಗೆ ನಾಲ್ಕು ಕಾಗದಗಳಲ್ಲಿ ‘ಮೆಣಸು’ ಎಂದಿದೆ. ಐದನೆಯದರಲ್ಲಿ ‘ಕಪ್ಪು ಹಣ್ಣು, ಹೊಗೆ, ಒಗರು ಮೆತ್ತಗೆ, ಬೇರೆ ಏನೂ ತೋರಲಿಲ್ಲ’ ಎಂದಿದೆ. ಸೇರಿಸಿಬಿಡಬಾರದೇ ಎಂದು ವರ್ತಕನು ನಗುತ್ತ ಲೇಖನಿಯನ್ನು ಮುಂದಕ್ಕೆ ನೀಡುವನು. ಐದನೆಯವನು ಬಟ್ಟಲನ್ನು ಇನ್ನೊಮ್ಮೆ ಎತ್ತಿ, ಕಣ್ಣು ಮುಚ್ಚಿ, ಸಾವಕಾಶವಾಗಿ ಮೂಸುವನು. ಮತ್ತೆ ಮೂಸುವನು. ಲೇಖನಿಯನ್ನು ಹಾಗೆಯೇ ಹಿಂದಕ್ಕೆ ಸರಿಸುವನು. ಅಷ್ಟರಲ್ಲಿ ಉಪಾಧ್ಯಾಯಿನಿಯು ತನ್ನ ಕಾಗದವನ್ನು ಎಳೆದುಕೊಂಡು, ತಾನು ಬರೆದ ‘ಮೆಣಸು’ ಎಂಬ ಪದವನ್ನೇ ನೋಡುತ್ತ ಕೂರುವಳು. ಅದು ಮೂಗಿನಿಂದ ಬಂದುದೋ, ವಾರದ ಹಿಂದೆ ಓದಿದ ಪುಸ್ತಕದಿಂದ ಬಂದುದೋ ಎಂಬುದು ಅವಳಿಗೂ ಈಗ ಖಚಿತವಿಲ್ಲ. ಬಟ್ಟಲಿನಲ್ಲಿ ಇನ್ನೂ ಎರಡು ಗುಟುಕು ಉಳಿದಿದೆ.